ಒರೆಸಿದ ಗಾಜು

ಒರೆಸುತ್ತಿದ್ದ ಕೈ ಥಟ್ಟನೆ ನಿಂತಿತು. ವಿಮಾನದ ಮುಂಗಾಜಿನೊಳಗೆ ಕೂದಲೆಳೆಯಂಥ ಬಿರುಕುಗಳು ಹಬ್ಬುತ್ತಿದ್ದವು.

ಪೂವಯ್ಯ ಬಟ್ಟೆಯನ್ನು ಮೂಸಿದ. ಥಿನ್ನರ್. ಹೆಸರಿಗಷ್ಟೇ ಗಾಜು, ನಿಜಕ್ಕೆ ಅದು ಪ್ಲಾಸ್ಟಿಕ್. ಥಿನ್ನರ್ ತಾಗಿದರೆ ಮುಗಿಯಿತು. ವಾಯುಪಡೆಯಲ್ಲಿ ವರ್ಷಗಟ್ಟಲೆ ಇದನ್ನೇ ಗದರಿಸಿ ಗದರಿಸಿ ಕಲಿಸಿದ ಎಂಜಿನಿಯರ್ ಅವನು.

ಬೇಕಿದ್ದರೆ ದಸರೆಯನ್ನು ದೂರಬಹುದಿತ್ತು. ಬೆಳಿಗ್ಗೆ ಪಂಡಿತರು ಹೊಸ ಕಾರಿಗೆ ಬರೆಯುವಂತೆ ವಿಮಾನಕ್ಕೂ ಎಣ್ಣೆಸಿಂಧೂರದಲ್ಲಿ ಸ್ವಸ್ತಿಕ ಬರೆದು, ಚಕ್ರದಡಿ ನಿಂಬೆಹಣ್ಣಿಟ್ಟು ಹೋಗಿದ್ದರು. ಫೋಟೋದವನು ಬರುವ ಮುಂಚೆ ಗಾಜು ಹೊಳೆಯಬೇಕಿತ್ತು. ಗಾಜಿಗೆ ಇಳಿದಿದ್ದ ಸಿಂಧೂರದ ಕಲೆ ಸೋಪಿಗೆ ಜಗ್ಗಲಿಲ್ಲ. ಷೆಡ್ಡಿನ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದವರ ಥಿನ್ನರ್ ಡಬ್ಬಿ ಪಕ್ಕದಲ್ಲೇ ಇತ್ತು. ಹಾರದ ವಿಮಾನವನ್ನು ಒರೆಸಿ ಒರೆಸಿ ಕೈ ಯೋಚಿಸುವುದನ್ನೇ ಬಿಟ್ಟಿತ್ತು.

ಗುರ್ಗಾಂವ್‌ನ ಬಿಲ್ಡರ್ ಸಭರ್‌ವಾಲ್ ಕೊಂಡಂದಿನಿಂದ ಈ ಪುಟ್ಟ ವಿಮಾನ ಅಪಾರ್ಟ್‌ಮೆಂಟಿನ ಜಾಹೀರಾತಿನಲ್ಲಿ ಮಾತ್ರ ಹಾರುತ್ತಿತ್ತು. ಈ ದಸರೆಗೆ ನಿಜಕ್ಕೂ ಹಾರಿಸೋಣ ಎಂದು ಸಾಹೇಬರೇ ಮಾತು ಕೊಟ್ಟಿದ್ದರು. ಅದನ್ನು ನಂಬಿ ಪೂವಯ್ಯ ಎಂಜಿನ್ನನ್ನು ಮಗುವಿನಂತೆ ಸಾಕಿದ್ದ. ಒಂದೇ ಒಂದು ಸಲ ಅದು ಮೇಲೇರಬೇಕು. ಇಲ್ಲದಿದ್ದರೆ ತಾನು ಇಲ್ಲಿ ಮಾಡುತ್ತಿರುವುದಾದರೂ ಏನು?

"ಆಯ್ತಾ ಸಾರ್?" ಸಾಹೇಬರ ಮ್ಯಾನೇಜರ್ ಮುರಳೀಧರ ಬಂದ. ಇಡೀ ಕಂಪನಿಯಲ್ಲಿ ಪೂವಯ್ಯನೊಡನೆ ಕನ್ನಡ ಆಡುತ್ತಿದ್ದವನು ಅವನೊಬ್ಬನೇ.

"ಗಾಜು ಹೋಯ್ತು. ನನ್ನ ಕೈಯಿಂದ್ಲೇ."

ಮುರಳೀಧರ ದೂರದಿಂದಲೇ ಇಣುಕಿದ. "ಫೋಟೋದಲ್ಲಿ ಕಾಣಲ್ಲ ಬಿಡಿ."

"ಇವತ್ತು ಹಾರಿಸೋ ಹಾಗಿಲ್ಲ."

"ಸುಮ್ನಿರಿ ಸಾರ್. ಸಾಹೇಬ್ರ ಹತ್ರ ಯಾಕೆ ಹೇಳೋಕೆ ಹೋಗ್ತೀರಿ?"

ಮುಚ್ಚಿಟ್ಟರೆ ವಿಮಾನ ಹಾರುತ್ತದೆ. ಎದುರು ಬಿಸಿಲಿಗೆ ಪೈಲಟ್‌ಗೆ ದಾರಿ ಕಾಣದಿದ್ದರೆ? ಹಾಗೊಂದು ಗಳಿಗೆ ಲೆಕ್ಕ ಹಾಕಿದ್ದಕ್ಕೆ ಪೂವಯ್ಯನಿಗೆ ತನ್ನ ಮೇಲೇ ಅಸಹ್ಯವಾಯಿತು. ನೇರ ಸಭರ್‌ವಾಲರ ಮುಂದೆ ಹೋಗಿ, ಹಳೆಯ ಅಭ್ಯಾಸಕ್ಕೆ ಸೆಟೆದು ನಿಂತು ಹಿಂದಿಯಲ್ಲಿ ಹೇಳಿದ.

"ತಪ್ಪು ನಂದು ಸಾರ್. ಹೊಸ ಗಾಜು ಬರೋವರೆಗೆ ಹಾರಾಟ ಬೇಡ."

ಸಾಹೇಬರ ಮುಖ ಅರಳಿತು. "ಅಚ್ಛಾ! ಯಾವ ಹಾರಾಟ, ಮೇಜರ್ ಸಾಬ್? ನಂಗೆ ಏಣಿ ಹತ್ತಿದ್ರೇ ತಲೆ ಸುತ್ತುತ್ತೆ. ಪೈಲಟ್‌ಗೆ ಹೇಳೇ ಇಲ್ಲ."

ವಾಯುಪಡೆಯಲ್ಲಿ ಮೇಜರ್ ಎಂಬ ಹುದ್ದೆಯೇ ಇಲ್ಲವೆಂದು ತಿದ್ದುವುದನ್ನು ಪೂವಯ್ಯ ಎಂದೋ ಕೈಬಿಟ್ಟಿದ್ದ. ಮುರಳೀಧರನತ್ತ ತಿರುಗಿದ. ಮುರಳೀಧರ ನೆಲ ನೋಡುತ್ತಿದ್ದ. ಅವನಿಗೆ ಮೊದಲೇ ಗೊತ್ತಿತ್ತು.

ಬೈಸಿಕೊಳ್ಳಲು ಬಂದವನಿಗೆ ಬೈಗುಳವೂ ದಕ್ಕಲಿಲ್ಲ. ತನ್ನ ತಪ್ಪಿಗೂ ಇಲ್ಲಿ ಬೆಲೆಯಿರಲಿಲ್ಲ.

"ನೀವೇ ಒಳಗೆ ಕೂತ್ಕೊಳ್ಳಿ," ಎಂದರು ಸಾಹೇಬರು. "ಫೌಜಿ ಮೀಸೆ, ಫೋಟೋಗೆ ಚೆನ್ನಾಗಿರುತ್ತೆ. ನಿಂಬೆಹಣ್ಣಿನ ಶಾಸ್ತ್ರಾನೂ ಮುಗಿಸಿಬಿಡೋಣ. ಚಲೋ!"

ಪೂವಯ್ಯ ಪೈಲಟ್‌ನ ಸೀಟಿನಲ್ಲಿ ಕೂತ. ಸೆಕ್ಯುರಿಟಿಯವರು ಹಿಂದಿನಿಂದ ನೂಕಿದರು. ವಿಮಾನ ಷೆಡ್ಡಿನಿಂದ ಹೊರಗೆ ಮೂತಿ ಚಾಚಿತು. ಇಳಿಬಿಸಿಲು ಗಾಜಿಗೆ ಬಿದ್ದು ಬಿರುಕುಗಳೆಲ್ಲ ಉರಿದವು. ದೂರದ ಕ್ರೇನುಗಳು, ಅರ್ಧ ಕಟ್ಟಿದ ಮಹಡಿಗಳು, ಸಾಹೇಬರ ನಗು ಎಲ್ಲ ಚೂರುಚೂರಾಗಿ ಕಂಡವು. ಚಕ್ರದಡಿ ಏನೋ ಪಿಚಕ್ಕೆಂದಿತು. ಹೊರಗೆ ಚಪ್ಪಾಳೆ ಬಿತ್ತು.

"ನಗಿ, ಮೇಜರ್ ಸಾಬ್!"

ನೂಕುವವರು ಆಗಲೇ ಕೈ ಬಿಟ್ಟಿದ್ದರು. ಪೂವಯ್ಯ ಮಾತ್ರ ವಿಮಾನವನ್ನು ಮೇಲೆತ್ತುವ ಹಿಡಿಯನ್ನು ಎರಡೂ ಕೈಯಿಂದ ಎದೆಗೆ ಎಳೆದುಕೊಂಡು ಕೂತೇ ಇದ್ದ.