ಹೊಸ ಸೆಲ್ ಹಾಕಿದರೆ ಯಾಸಿರ್ ನಡೆಯುತ್ತಾನಾ?

ನೆಲದ ಮೇಲೆ ಕೂತ ಮಗು ಏಳುವಾಗ ಮೊಣಕಾಲಿನ ಮೇಲೆ ಕೈಯೂರಿ, ಆಮೇಲೆ ತೊಡೆಯ ಮೇಲೆ ಕೈಯೂರಿ, ತನ್ನ ಮೈಯನ್ನೇ ಹತ್ತಿಕೊಂಡು ಎದ್ದರೆ ನಾವು ಏನನ್ನುತ್ತೇವೆ ಹೇಳಿ. ಸೋಮಾರಿ ಅನ್ನುತ್ತೇವೆ. ಅದೇ ಮಗುವಿನ ಮೀನಖಂಡ ದಪ್ಪಗಿದ್ದರೆ ಪೈಲ್ವಾನ್ ಅನ್ನುತ್ತೇವೆ. ತುಮಕೂರಿನ ನಮ್ಮ ಉಪ್ಪಾರಹಳ್ಳಿ ಬೀದಿಯಲ್ಲಿ ಯಾಸಿರನಿಗೆ ಈ ಎರಡೂ ಹೆಸರಿದ್ದವು. ಎರಡೂ ಕಾಯಿಲೆಯ ಗುರುತು ಅಂತ ಯಾರಿಗೂ ಹೊಳೆಯಲಿಲ್ಲ.

ನಾನು ಪ್ರೇಮಲತಾ, ಅವರ ಪಕ್ಕದ ಮನೆಯವಳು. ಸ್ತ್ರೀಶಕ್ತಿ ಸಂಘದಲ್ಲಿ ನನಗೆ ಬಾಯಿ ಜೋರು ಅಂತ ಹೆಸರಿದೆ, ಇರಲಿ. ಯಾಸಿರನ ತಂದೆ ಮುಖ್ತಾರ್ ಅಹಮದ್ ಟಾರ್ಚು, ರೇಡಿಯೋ, ಮಿಕ್ಸಿ ರಿಪೇರಿ ಮಾಡುವವರು. ತಾಯಿ ರೂಬಿ. ಹುಡುಗ ಶಾಲೆಯ ಮೆಟ್ಟಿಲಲ್ಲಿ ಪದೇ ಪದೇ ಬೀಳುತ್ತಿದ್ದಾನೆ ಅಂತ ಟೀಚರು ಹೇಳಿಕಳಿಸಿದ ಮೇಲೆ ಅವನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ತೋರಿಸಿದರು. ರಕ್ತ ಪರೀಕ್ಷೆಯಾಯಿತು. ಮಸ್ಕ್ಯುಲರ್ ಡಿಸ್ಟ್ರೋಫಿ ಅಂದರು ಡಾಕ್ಟರು. ಮಾಂಸಖಂಡಗಳು ವರ್ಷದಿಂದ ವರ್ಷಕ್ಕೆ ಸವೆಯುವ ಕಾಯಿಲೆ. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ, ಆದರೆ ಸವೆತವನ್ನು ನಿಧಾನ ಮಾಡಬಹುದು, ಮಾತ್ರೆ ಕೊಡಿ, ದಿನಾ ಕಾಲಿನ ವ್ಯಾಯಾಮ ಮಾಡಿಸಿ, ಹೃದಯ ಮತ್ತು ಉಸಿರು ತಪಾಸಣೆಗೆ ತಪ್ಪದೆ ಬನ್ನಿ ಅಂದರು.

ರೂಬಿ ಅಷ್ಟನ್ನೂ ಕೇಳಿಸಿಕೊಂಡಳು. ಮುಖ್ತಾರ್ ಅವರ ಕಿವಿಗೆ ಬಿದ್ದದ್ದು 'ಔಷಧಿ ಇಲ್ಲ' ಅನ್ನುವ ಮಾತೊಂದೇ. ಪಾಪ, ಅಪ್ಪ ಅಲ್ಲವೇ. ಅವತ್ತಿನಿಂದ ಆ ಮನುಷ್ಯ ಸರಿಯಾಗಿ ಊಟ ಮಾಡಲಿಲ್ಲ.

ಹೀಗಿರುವಾಗ, ೨೦೦೮ರ ಬೇಸಿಗೆಯಲ್ಲಿ, ರೂಬಿಯ ಅಣ್ಣ ಸಯೀದ್ ಒಂದು ಬಣ್ಣದ ಪಾಂಪ್ಲೆಟ್ ಹಿಡಿದು ಬಂದ. ಯಾವುದೋ ದೂರದ ಊರಿನ ಕ್ಲಿನಿಕ್ಕಿನದು. ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಸವೆದ ಮಾಂಸಖಂಡ ಮತ್ತೆ ಬೆಳೆಯುತ್ತದೆ, ಗುಬ್ಬಿಯ ಹುಡುಗನೊಬ್ಬ ಎದ್ದು ನಿಂತಿದ್ದಾನೆ ಅಂತ ಅದರಲ್ಲಿ ಬರೆದಿತ್ತು. ಹುಡುಗ ನಿಂತಿದ್ದ ಫೋಟೋ ಕೂಡ ಇತ್ತು.

ಮುಖ್ತಾರ್ ಭಾಯಿ ಆ ಸಂಜೆಯೇ ನಮ್ಮ ಮನೆಗೆ ಬಂದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ನಗು ಕಂಡೆ.

"ಪ್ರೇಮಕ್ಕ, ಇಷ್ಟು ದಿನ ನಂಗೆ ಹೊಳೀಲೇ ಇಲ್ಲ ನೋಡಿ. ಸೆಲ್ ವೀಕ್ ಆಗಿದೆ ಅಷ್ಟೇ. ಟಾರ್ಚಿಗೆ ನಾನು ದಿನಾ ಮಾಡೋದೇ ಇದು. ಹಳೇದು ತೆಗೆದು ಹೊಸ ಸೆಲ್ ಹಾಕಿದ್ರೆ ಹತ್ತಲ್ವಾ?"

ಜೀವಮಾನವೆಲ್ಲ ಟಾರ್ಚಿನ ಸೆಲ್ಲು ಬದಲಾಯಿಸಿದ ಕೈ ಅದು. ಅವರಿಗೆ ಹಾಗೇ ಅನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನನಗೂ ಆ ಕ್ಷಣ ಹೌದಲ್ಲ ಅನಿಸಿಬಿಟ್ಟಿತು. ಆದರೆ ಆಮೇಲಿನ ಮಾತು ಬೇರೆಯೇ ಇತ್ತು. ಇಂಜೆಕ್ಷನ್ನಿಗೆ ದುಡ್ಡು ಮೊದಲೇ ಕಟ್ಟಬೇಕಂತೆ, ಅದಕ್ಕೆ ಅಂಗಡಿ ಮಾರಲು ಗಿರಾಕಿ ನೋಡುತ್ತಿದ್ದರು. ಹೊಸ ಸೆಲ್ ಬಂದ ಮೇಲೆ ಹಳೇ ಮಾತ್ರೆ ಯಾಕೆ ಅಂತ ಮಾತ್ರೆ ನಿಲ್ಲಿಸುವ ಯೋಚನೆಯಲ್ಲಿದ್ದರು. ವ್ಯಾಯಾಮವನ್ನಂತೂ ಅವತ್ತೇ ಬಿಡಿಸಿಬಿಟ್ಟಿದ್ದರು. ಯಾಸಿರನ ಹಿಮ್ಮಡಿ ಆಗಲೇ ನೆಲ ಮುಟ್ಟುತ್ತಿರಲಿಲ್ಲ, ತುದಿಗಾಲಲ್ಲಿ ಓಡಾಡುತ್ತಿದ್ದ. ಇನ್ನೂ ನಡೆಯಬಲ್ಲ ಮಗು, ಇರುವ ನಡಿಗೆಯನ್ನೂ ಬೇಗ ಕಳೆದುಕೊಳ್ಳುವ ಹಾಗಾಗಿತ್ತು.

ರೂಬಿ ತನ್ನ ಅಡಿಗೆಮನೆಯಲ್ಲಿ ಅಳುತ್ತಿದ್ದಳು. ಈ ಕಾಯಿಲೆ ತಾಯಿ ಕಡೆಯಿಂದ ಬರುತ್ತದಂತೆ ಅಂತ ಯಾರೋ ನೆಂಟರು ಚುಚ್ಚಿದ್ದರು, ಹಾಗಾಗಿ ಗಂಡನಿಗೆ ಬೇಡ ಅನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಅಂಥ ನೆಂಟರ ಬಾಯಿಗೆ ಬೀಗ ಹಾಕಬೇಕು. ಹುಟ್ಟುವಾಗಲೇ ಮೈಯೊಳಗೆ ಬಂದಿರುವುದಕ್ಕೆ ತಾಯಿ ಏನು ಮಾಡಿಯಾಳು?

ನಾನು ಮುಖ್ತಾರ್ ಭಾಯಿಯನ್ನು ಹಿಂದಿನ ಬೀದಿಯ ಉಮಾಮಹೇಶ್ವರಿಯವರ ಮನೆಗೆ ಕರೆದುಕೊಂಡು ಹೋದೆ. ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುವವರು, ಯಾಸಿರನಿಗೆ ವ್ಯಾಯಾಮ ಹೇಳಿಕೊಟ್ಟವರೂ ಅವರೇ. ಪಾಂಪ್ಲೆಟ್ಟನ್ನು ಎರಡೂ ಕಡೆ ಓದಿದರು. ಬೈಯಲಿಲ್ಲ. ಕಾಫಿ ಕೊಟ್ಟು, ಸಮಾಧಾನವಾಗಿ ಹೇಳಿದರು.

"ಇದು ಟಾರ್ಚಿನ ಸೆಲ್ ಅಲ್ಲ ಭಾಯಿ, ಜೀವಕೋಶ. ಯಾಸಿರನ ಮಾಂಸಖಂಡ ಹರೀದಂಗೆ ಕಾಪಾಡೋ ಒಂದು ಪ್ರೋಟೀನು ಅವನ ಮೈಯಲ್ಲಿ ತಯಾರಾಗಲ್ಲ. ಹೊರಗಿಂದ ಹಾಕಿದ ಜೀವಕೋಶ ಕಾಲು, ಬೆನ್ನು, ಎದೆ, ಎಲ್ಲಾ ಕಡೆ ಹೋಗಿ, ಬದುಕಿ, ಅಲ್ಲಿ ಬೆರೆತು, ಆ ಪ್ರೋಟೀನು ಮಾಡ್ಬೇಕು. ಹಂಗಾಗುತ್ತೆ ಅಂತ ಇವತ್ತಿನವರೆಗೂ ಯಾರೂ ತೋರಿಸಿಕೊಟ್ಟಿಲ್ಲ. ಪ್ರಯೋಗ ನಡೀತಾ ಇದೆ. ಮುಂದೆ ಆಗ್ಬಹುದು, ಆಗ್ಲಿ ಅಂತಾನೇ ನಾನೂ ಬೇಡ್ಕೋತೀನಿ. ಆದ್ರೆ ಇನ್ನೂ ಆಗಿಲ್ಲ."

ಕೆಲವು ರಕ್ತದ ಕಾಯಿಲೆಗಳಿಗೆ ಅಸ್ಥಿಮಜ್ಜೆಯ ಸ್ಟೆಮ್ ಸೆಲ್ ಕೊಡುವುದು ನಿಜ, ಅದು ಒಪ್ಪಿತವಾದ ಚಿಕಿತ್ಸೆ, ಆದರೆ ಅದೇ ಹೆಸರು ಹೇಳಿ ಈ ಕಾಯಿಲೆಗೂ ಮಾರುತ್ತಾರೆ ಅಂತ ವಿವರಿಸಿದರು. ಸೋಂಕು ತಗಲುವ ಅಪಾಯವೂ ಇದೆಯಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಡಾಕ್ಟರನ್ನು ಕೇಳದೆ ಆ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಮಗುವಿನ ಜೀವಕ್ಕೇ ಕುತ್ತು ಬರಬಹುದು ಅಂತ ಒತ್ತಿ ಹೇಳಿದರು.

"ಪ್ರಯೋಗ ಅಂದ್ರೆ ಟ್ರಯಲ್ಲಾ?" ಅಂತ ಮುಖ್ತಾರ್ ಭಾಯಿ ಕೇಳಿದರು.

ಹೌದು ಅಂದರು ಉಮಾಮಹೇಶ್ವರಿ. ಭಾಯಿ ಪಾಂಪ್ಲೆಟ್ಟನ್ನು ಮತ್ತೆ ಕೈಗೆ ತೆಗೆದುಕೊಂಡರು. ಅವರ ಅಂಗಡಿಯ ಪದ್ಧತಿ ನಮಗೆಲ್ಲ ಗೊತ್ತು. ಸರಿಹೋಗುವುದೋ ಇಲ್ಲವೋ ಅಂತ ಅನುಮಾನವಿರುವ ಸಾಮಾನನ್ನು 'ಟ್ರಯಲ್ ನೋಡ್ತೀನಿ' ಅಂತ ಇಟ್ಟುಕೊಂಡರೆ ಗಿರಾಕಿಯಿಂದ ಕೈಗೂಲಿ ಮುಟ್ಟುವುದಿಲ್ಲ.

"ನಾನೇ ಟ್ರಯಲ್‌ಗೆ ಕಾಸು ಇಸ್ಕೊಳ್ಳಲ್ಲ," ಅಂದರು ಮೆಲ್ಲಗೆ. "ಇವರು ಯಾಕೆ ಮೊದಲೇ ಕಟ್ಟು ಅಂತಾರೆ?"

ನಿಯತ್ತಿನ ಪ್ರಯೋಗಕ್ಕೆ, ರೋಗಿಗೆ ಅನ್ಯಾಯವಾಗದ ಹಾಗೆ ನೋಡಿಕೊಳ್ಳುವ ನೈತಿಕ ಸಮಿತಿಯ ಒಪ್ಪಿಗೆ ಇರುತ್ತದೆ, ಅದರಲ್ಲಿ ಸೇರಿದ ಮಗುವಿನ ಮನೆಯವರಿಂದ ಚಿಕಿತ್ಸೆಯ ದುಡ್ಡು ಕೀಳುವುದಿಲ್ಲ ಅಂತ ಉಮಾಮಹೇಶ್ವರಿ ಹೇಳಿದರು. ಭಾಯಿಗೆ ಅರ್ಥವಾಯಿತು. ಅರ್ಥವಾದರೂ ಮನಸ್ಸು ಒಪ್ಪಬೇಕಲ್ಲ. ಎಲ್ಲ ಸರಿ, ಆದರೆ ಗುಬ್ಬಿಯ ಹುಡುಗ ಎದ್ದು ನಿಂತಿದ್ದಾನಲ್ಲ, ಅದಕ್ಕೇನು ಹೇಳುತ್ತೀರಿ ಅಂತ ರೇಗಿದರು. ಗುಬ್ಬಿ ನನ್ನ ತವರು. ಹಾಗಾದರೆ ಹೋಗಿ ಕಣ್ಣಾರೆ ನೋಡಿಕೊಂಡು ಬರೋಣ, ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ, ಅಂಗಡಿಯನ್ನೂ ಮಾರಬೇಡಿ ಅಂತ ನಾನೂ ರೇಗಿದೆ.

ಭಾನುವಾರ ಯಾಸಿರನನ್ನೂ ಕರೆದುಕೊಂಡು ಬಸ್ಸಿನಲ್ಲಿ ಹೋದೆವು. ನನ್ನ ತಮ್ಮ ವಿಚಾರಿಸಿಟ್ಟಿದ್ದ. ಆ ಹುಡುಗ ಕೊಬ್ಬರಿ ವ್ಯಾಪಾರದ ಹನುಮಂತರಾಜು ಅವರ ಮಗ, ತಾತ ಅಂಜಿನಪ್ಪನ ಹೆಸರನ್ನೇ ಇಟ್ಟು ಅಂಜಿ ಅಂತ ಕರೆಯುತ್ತಿದ್ದರು. ಹದಿಮೂರರ ಹುಡುಗ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತು ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತಿದ್ದ. ಮುಖ್ತಾರ್ ಭಾಯಿ ಬಾಗಿಲಲ್ಲೇ ನಿಂತುಬಿಟ್ಟರು. ಯಾಸಿರ್ ಮಾತ್ರ ಸೀದಾ ಒಳಗೆ ಹೋಗಿ ಸ್ಕೋರ್ ಎಷ್ಟು ಅಂತ ಕೇಳಿದ.

ಹನುಮಂತರಾಜು ಒಳ್ಳೆಯ ಮನುಷ್ಯ. ಏನನ್ನೂ ಮುಚ್ಚಿಡಲಿಲ್ಲ. ಇಂಜೆಕ್ಷನ್ ಆದ ಮೊದಲ ತಿಂಗಳು ಮಗ ವಾಸಿ ಅಂತ ಹೇಳುತ್ತಿದ್ದನಂತೆ. ಆ ಖುಷಿಗೆ ತಾವೇ ಫೋಟೋ ಕೊಟ್ಟರಂತೆ, ತಾವೇ ಹಿಂದಿನಿಂದ ಹಿಡಿದುಕೊಂಡು ನಿಲ್ಲಿಸಿದ ಫೋಟೋ. ಆಮೇಲೆ ಏನೂ ಉಳಿಯಲಿಲ್ಲ.

"ವಾಸಿ ಆಗಿದ್ದು ನಿಜ ಕಣಣ್ಣ," ಅಂದರು ಭಾಯಿಗೆ. "ಇವ್ನೇ ಬಾಯಿಬಿಟ್ಟು ಹೇಳ್ತಿದ್ದ. ಅದ್ಯಾಕೆ ನಿಲ್ಲಲಿಲ್ವೋ, ನಮ್ಮ ಹಣೇಬರ ಬುಡು."

ಅಂಜಿ ರೇಡಿಯೋ ಸಣ್ಣಗೆ ಮಾಡಿದ.

"ವಾಸಿ ಆಗಿರ್ಲಿಲ್ಲ ಅಪ್ಪಾ," ಅಂದ. "ನೀನು ದಿನಾ ಬೆಳಗ್ಗೆ ಎದ್ದೇಟಿಗೆ ಹೆಂಗೈತಪ್ಪಾ ಅಂತ ಕೇಳ್ತಿದ್ದೆ. ನಿನ್ನ ಮುಖ ನೋಡಿ, ಇಲ್ಲ ಅನ್ನಕ್ಕೆ ಆಗ್ತಿರ್ಲಿಲ್ಲ. ಅದ್ಕೇ ವಾಸಿ ಅಂತಿದ್ದೆ."

ಹನುಮಂತರಾಜು ಆ ಮಾತನ್ನು ಅವತ್ತೇ ಮೊದಲ ಸಲ ಕೇಳಿದ್ದು. ಅಲ್ಲೇ ಮಗನ ಕುರ್ಚಿಯ ಪಕ್ಕ ನೆಲಕ್ಕೆ ಕೂತು ಅವನ ಮೊಣಕಾಲಿಗೆ ತಲೆಯಿಟ್ಟರು. ಹುಡುಗ ಅಪ್ಪನ ತಲೆ ಸವರಲು ನೋಡಿದ, ಕೈ ಅಷ್ಟು ಎತ್ತರ ಏಳಲಿಲ್ಲ. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.  ಅವರ ಮನೆಯವರು ನಮಗೆ ಎಳನೀರು ಕೊಟ್ಟರು. ಕುಡಿದು ಹೊರಟೆವು.

ಬಸ್ಸಿನಲ್ಲಿ ಯಾಸಿರ್ ಅಪ್ಪನ ತೊಡೆಯ ಮೇಲೆ ನಿದ್ದೆಹೋದ. ಭಾಯಿ ತುಮಕೂರು ಬರುವವರೆಗೂ ಅವನ ಹಿಮ್ಮಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

ಸಂಜೆ ರೂಬಿ ನನ್ನನ್ನು ಕೂಗಿದಳು. ಹೋಗಿ ನೋಡಿದರೆ ಮುಖ್ತಾರ್ ಭಾಯಿ ಚಾಪೆ ಹಾಸಿ, ಹೆಂಡತಿ ಹೇಳಿಕೊಟ್ಟ ಹಾಗೆ ಮಗನ ಕಾಲು ಹಿಡಿದು ವ್ಯಾಯಾಮ ಮಾಡಿಸುತ್ತಿದ್ದರು. ಅಲ್ಲಿಯವರೆಗೆ ಅವರು ಆ ಚಾಪೆಯ ಹತ್ತಿರ ಸುಳಿದವರಲ್ಲ. ಪಾದವನ್ನು ಒತ್ತುತ್ತಾ ನೋವಾಗುತ್ತಿದೆಯಾ ಅಂತ ಕೇಳಿದರು. ಇಲ್ಲ ಅಬ್ಬಾ ಅಂದ ಯಾಸಿರ್, ತಕ್ಷಣ. ಭಾಯಿ ಕೈ ನಿಲ್ಲಿಸಿದರು. ಅವನ ಮುಖದ ಹತ್ತಿರ ಬಗ್ಗಿದರು.

"ಬೇಟಾ, ನನ್ನ ಮುಖ ನೋಡ್ಬೇಡ. ನಿನ್ನ ಕಾಲನ್ನ ಕೇಳಿ ಹೇಳು."

ಯಾಸಿರ್ ಕಣ್ಣು ಮುಚ್ಚಿಕೊಂಡ.

"ನೋಯ್ತಿದೆ ಅಬ್ಬಾ," ಅಂದ. "ಬಿದ್ದಾಗ್ಲೂ ನೋಯುತ್ತೆ. ದಿನಾ ಬೀಳ್ತೀನಿ. ನಿಮ್ಗೆ ಹೇಳಿರ್ಲಿಲ್ಲ."

ಭಾಯಿ ಅವನನ್ನು ಎತ್ತಿ ಎದೆಗವಚಿಕೊಂಡರು. ಅತ್ತರು, ರೂಬಿಯೂ ಅತ್ತಳು. ನಾನು ಹೊರಗೆ ಬಂದು ಬಾಗಿಲು ಮುಂದಕ್ಕೆಳೆದೆ.

ಮಾರನೆಯ ದಿನ ಉಮಾಮಹೇಶ್ವರಿ ಬಂದು, ನೋವಾಗುವಷ್ಟು ಒತ್ತಬಾರದು, ಬಿಸಿನೀರಿನ ಸ್ನಾನವಾದ ಮೇಲೆ ಮೆತ್ತಗೆ ಎಳೆಯಬೇಕು ಅಂತ ಅಪ್ಪನ ಕೈಗೆ ಹದ ಕಲಿಸಿದರು. ಹಿಮ್ಮಡಿ ಬಿಗಿಯದ ಹಾಗೆ ರಾತ್ರಿ ಪಾದಕ್ಕೆ ಹಾಕುವ ಪಟ್ಟಿ ಮಾಡಿಸಿದರು. ದಿನಾ ಬೀಳುತ್ತಾನೆ ಅಂತ ಗೊತ್ತಾದ ಮೇಲೆ ಭಾಯಿ ಶಾಲೆಗೆ ಹೋಗಿ ಮಾತಾಡಿ ಮಗನ ತರಗತಿಯನ್ನು ಕೆಳಗಿನ ಕೋಣೆಗೆ ತರಿಸಿದರು. ಮಾತ್ರೆ ತಪ್ಪಲಿಲ್ಲ. ಯಾಸಿರನಿಗೆ ವಾಸಿಯಾಗಿಲ್ಲ, ಆ ಸುಳ್ಳು ನಾನು ಹೇಳುವುದಿಲ್ಲ. ಆದರೆ ವರ್ಷ ಕಳೆದರೂ ನಡೆದುಕೊಂಡೇ ಶಾಲೆಗೆ ಹೋಗುತ್ತಿದ್ದಾನೆ. ಸುಸ್ತಾದರೆ ಸುಸ್ತು ಅನ್ನುತ್ತಾನೆ, ಆಗ ಅಪ್ಪ ಹೆಗಲ ಮೇಲೆ ಹೊತ್ತುಕೊಳ್ಳುತ್ತಾರೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಪದೇ ಪದೇ ಬೀಳುವ, ತೊಡೆಗೆ ಕೈಕೊಟ್ಟು ಏಳುವ ಮಗುವಿದ್ದರೆ ಸೋಮಾರಿ ಅನ್ನಬೇಡಿ, ಬೇಗ ಡಾಕ್ಟರಿಗೆ ತೋರಿಸಿ. ಈ ಕಾಯಿಲೆಗೆ ಸ್ಟೆಮ್ ಸೆಲ್ ಇನ್ನೂ ಪ್ರಯೋಗದಲ್ಲೇ ಇದೆ. ಯಾರಾದರೂ ಗುಣವಾಗೇ ಆಗುತ್ತದೆ ಅಂತ ದುಡ್ಡು ಕೇಳಿದರೆ ಇದಕ್ಕೆ ಯಾರ ಒಪ್ಪಿಗೆ ಇದೆ ತೋರಿಸಿ ಅನ್ನಿ, ನಿಮ್ಮ ಮಗುವನ್ನು ನೋಡುವ ನರರೋಗದ ಡಾಕ್ಟರನ್ನು ಕೇಳದೆ ಹೆಜ್ಜೆ ಇಡಬೇಡಿ, ಕೊಡುತ್ತಿರುವ ಮಾತ್ರೆ, ವ್ಯಾಯಾಮ ನಿಲ್ಲಿಸಬೇಡಿ. ಆಸೆ ಇಟ್ಟುಕೊಳ್ಳಿ, ಅದು ಬೇಡ ಅನ್ನಲು ನಾನು ಯಾರು. ಆದರೆ ಆ ಆಸೆಯನ್ನು ಕಾಪಾಡುವ ಕೆಲಸವನ್ನು ಮಗುವಿನ ತಲೆಗೆ ಕಟ್ಟಬೇಡಿ. ನೋವಾದರೆ ನೋವು ಅಂತ ಹೇಳುವ ಧೈರ್ಯವನ್ನು ಇವತ್ತೇ ಅವನಿಗೆ ಕೊಡಿ.