ಒಂದು ಮಾರು ಜಾಗ

ಬೇಕರಿ ವ್ಯಾನಿನ ಡ್ರೈವರಿಗೆ ಬೆಳಗಿನ ಹೊತ್ತು ಯಾರ ಮೇಲಾದರೂ ಸಿಟ್ಟು ಬರುತ್ತಿತ್ತು ಎಂದರೆ ಅದು ಸೈಕಲ್ಲಿನವರ ಮೇಲೆ. ಹೊಲಗಳ ನಡುವಿನ ರಸ್ತೆ ಸಣ್ಣದು. ವ್ಯಾನಿನ ತುಂಬಾ ಬಿಸಿ ಬ್ರೆಡ್ಡು. ಪ್ರತಿ ಹಳ್ಳಿಯಲ್ಲೂ ಅಂಗಡಿಯವರು ಬಾಗಿಲಲ್ಲೇ ನಿಂತು ಕಾಯುತ್ತಿರುತ್ತಾರೆ. ಅಂಥದ್ದರಲ್ಲಿ ಮುಂದೆ ಯಾರೋ ಇಬ್ಬರು ತಲೆಗೆ ಹೆಲ್ಮೆಟ್ಟು ಸಿಕ್ಕಿಸಿಕೊಂಡು, ಆ ಕಡೆ ಈ ಕಡೆ ಹೊಲ ನೋಡಿಕೊಂಡು ಆರಾಮವಾಗಿ ಪೆಡಲ್ ತುಳಿಯುತ್ತಾ ಹೋಗುತ್ತಿದ್ದರೆ ಅವನ ಮೈ ಉರಿಯುತ್ತಿತ್ತು.

“ರಸ್ತೆ ಏನು ಇವರಪ್ಪಂದಾ?” ಎಂದು ಗೊಣಗಿ, ಜೋರಾಗಿ ಹಾರ್ನ್ ಹೊಡೆದು, ಅವರ ಪಕ್ಕದಲ್ಲೇ ವ್ಯಾನು ನುಗ್ಗಿಸಿಬಿಡುತ್ತಿದ್ದ. ಆದರೆ ತಾಗಿಸುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರಿಗೂ ತಾಗಿಸಿದವನಲ್ಲ. ಸ್ಟೀರಿಂಗ್ ಮೇಲೆ ತನ್ನ ಕೈ ಅಷ್ಟು ಪಳಗಿದೆ ಎಂಬ ಹೆಮ್ಮೆ ಅವನಿಗಿತ್ತು.

ತಮಾಷೆಯೆಂದರೆ, ಅವನ ಸ್ವಂತ ಅಕ್ಕನೇ ಈಚೆಗೆ ಸೈಕಲ್ ಹತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಈ ಅಕ್ಕ. ಬಟ್ಟೆ ಹೊಲಿಯುವುದು ಅವಳ ಕೆಲಸ. ದಿನವಿಡೀ ಮಷೀನಿನ ಮುಂದೆ ಕೂತೂ ಕೂತೂ ಮಂಡಿ ಹಿಡಿದುಕೊಂಡಿತ್ತು, ರಕ್ತದಲ್ಲಿ ಸಕ್ಕರೆಯೂ ಏರುತ್ತಿತ್ತು. ಆಗ ಆರೋಗ್ಯ ಕೇಂದ್ರದ ನರ್ಸಮ್ಮ, “ಬೆಳಗ್ಗೆ ನನ್ನ ಜೊತೆ ಸೈಕಲ್ ತುಳಿಯೋಕೆ ಬನ್ನಿ. ಮೊದಲು ಊರ ಸುತ್ತ, ಆಮೇಲೆ ಪಕ್ಕದೂರು” ಎಂದು ಕರೆದಿದ್ದಳು.

“ಈ ವಯಸ್ಸಲ್ಲಿ ಏನು ಸೈಕಲ್ಲು? ಜನ ನೋಡಿದ್ರೆ ನಗಲ್ವಾ?” ಎಂದು ಭಾವ ಮೂಗು ಮುರಿದ.

“ನಗಲಿ ಬಿಡಿ. ಇಷ್ಟು ವರ್ಷ ಮಷೀನಿನ ಪೆಡಲ್ ತುಳಿದೆ, ಕೂತಲ್ಲಿಂದ ಒಂದು ಇಂಚು ಮುಂದೆ ಹೋಗಲಿಲ್ಲ. ಈ ಪೆಡಲ್ ತುಳಿದ್ರೆ ಪಕ್ಕದೂರಾದರೂ ಸಿಗುತ್ತೆ” ಎಂದಳು ಅಕ್ಕ.

ಪಕ್ಕದೂರು ಸಿಕ್ಕಿತು. ಅದರಾಚೆಯ ಊರೂ ಸಿಕ್ಕಿತು. ಮಂಜು ಕವಿದ ಹೊಲಗಳು, ಆಗಷ್ಟೇ ಒಲೆ ಹೊತ್ತಿಸಿದ ಮನೆಗಳ ಹೊಗೆ, ಸೇತುವೆಯ ಕೆಳಗೆ ಹರಿಯುವ ನೀರಿನ ಸದ್ದು. ದಾರಿಯಲ್ಲಿ ಸಿಕ್ಕ ಮುದುಕರೆಲ್ಲ ಅವಳನ್ನು ಮಾತಾಡಿಸತೊಡಗಿದರು. ಮಂಡಿ ನೋವು ಎಷ್ಟೋ ಕಡಿಮೆಯಾಯಿತು. ತಮ್ಮನಿಗೆ ಇದಾವುದೂ ಗೊತ್ತಿರಲಿಲ್ಲ. ಅಕ್ಕ ಮನೆ ಮುಂದಿನ ಬೀದಿಯಲ್ಲಿ ಒಂದು ಸುತ್ತು ಹಾಕಿ ಬರುತ್ತಾಳೆ ಎಂದುಕೊಂಡಿದ್ದ.

ಒಂದು ಬೆಳಗ್ಗೆ ಇಟ್ಟಿಗೆ ಗೂಡಿನ ತಿರುವಿನಲ್ಲಿ ಅವನ ವ್ಯಾನಿಗೆ ಇಬ್ಬರು ಸೈಕಲ್ಲಿನವರು ಸಿಕ್ಕರು. ಒಬ್ಬರು ಮುಂದೆ ದೂರದಲ್ಲಿದ್ದರು. ಹಿಂದಿದ್ದವರು ಕಿತ್ತಳೆ ಬಣ್ಣದ ಕೋಟು ತೊಟ್ಟಿದ್ದರು. ಮುಖ ಕಾಣುತ್ತಿರಲಿಲ್ಲ. ಅವನು ಹಾರ್ನ್ ಹೊಡೆದ, ಪಕ್ಕದಲ್ಲೇ ನುಗ್ಗಿಸಿದ, ಮುಂದೆ ಹೋದ. ಕನ್ನಡಿ ನೋಡಲಿಲ್ಲ. ತಾಗಿಲ್ಲವಲ್ಲ, ಯಾಕೆ ನೋಡಬೇಕು?

ಬ್ರೆಡ್ಡೆಲ್ಲ ಇಳಿಸಿ ಬೇಕರಿಗೆ ವಾಪಸ್ಸಾಗುವಷ್ಟರಲ್ಲಿ ಭಾವನ ಫೋನು ಬಂತು. “ಯಾವುದೋ ಗಾಡಿಯಿಂದಾಗಿ ನಿಮ್ಮಕ್ಕ ಸೈಕಲ್ಲಿಂದ ಬಿದ್ದಿದ್ದಾಳೆ. ಆಸ್ಪತ್ರೆಗೆ ಬಾ.”

ಅಕ್ಕ ಹಾಸಿಗೆಯ ಮೇಲೆ ಒರಗಿ ಕೂತಿದ್ದಳು. ಭುಜದ ಮೂಳೆ ಮುರಿದಿತ್ತು, ಕೆನ್ನೆ ತರಚಿತ್ತು. ಪಕ್ಕದ ಮೇಜಿನ ಮೇಲೆ ಅವಳ ಹೆಲ್ಮೆಟ್ಟು ಸೀಳು ಬಿಟ್ಟು ಕೂತಿತ್ತು.

“ಇದೊಂದು ಇಲ್ಲದಿದ್ರೆ ನಾವು ಇವತ್ತು ಬೇರೆ ಮಾತಾಡ್ತಿದ್ವಿ” ಎಂದು ಡಾಕ್ಟರು ಹೇಳಿಹೋದರು.

ತಮ್ಮನ ರಕ್ತ ಕುದಿಯಿತು. “ಯಾವನು ಅವನು? ಗಾಡಿ ನಂಬರ್ ನೋಡಿದ್ರಾ ನರ್ಸಮ್ಮ? ಅವನ ಕೈಕಾಲು ಮುರೀದಿದ್ರೆ ಕೇಳಿ.”

ನರ್ಸಮ್ಮ ಅಕ್ಕನ ಮುಖ ನೋಡಿದಳು. ಅಕ್ಕ ತಲೆ ತಗ್ಗಿಸಿ, “ನಂಬರೆಲ್ಲ ಯಾರು ನೋಡ್ತಾರೆ, ಬಿಡೋ” ಎಂದಳು.

“ಎಲ್ಲಿ ಆಗಿದ್ದು?”

“ಇಟ್ಟಿಗೆ ಗೂಡಿನ ಹತ್ತಿರ” ಎಂದ ಭಾವ.

ಆಗ ಅವನ ಕಣ್ಣಿಗೆ ಕುರ್ಚಿಯ ಮೇಲೆ ಮಡಿಚಿಟ್ಟಿದ್ದ ಕೋಟು ಬಿತ್ತು. ಕಿತ್ತಳೆ ಬಣ್ಣದ್ದು. ಒಂದು ತೋಳಿಗೆ ಮಣ್ಣು ಮೆತ್ತಿಕೊಂಡಿತ್ತು. ಅವನು ಮೆಲ್ಲಗೆ ಹೊರಗೆ ಹೋದ. ನರ್ಸಮ್ಮ ಹಿಂದೆಯೇ ಬಂದಳು.

“ನಾನು ತಾಗಿಸಲಿಲ್ಲ” ಎಂದ. “ಆಣೆ ಮಾಡಿ ಹೇಳ್ತೀನಿ, ತಾಗಲಿಲ್ಲ.”

“ತಾಗಬೇಕಾಗಿಲ್ಲ ಅಣ್ಣ. ವ್ಯಾನಿನ ಗಾಳಿ ಸಾಕು. ಒಂದು ಕಡೆ ನಿಮ್ಮ ಹಾರ್ನು, ಇನ್ನೊಂದು ಕಡೆ ಜಲ್ಲಿ. ಬೆಚ್ಚಿ ಹ್ಯಾಂಡಲ್ ಒಂಚೂರು ತಿರುಗಿದ್ರೂ ಆಯ್ತು. ಗುಂಡಿ ಸಿಕ್ಕಿದಾಗ ಸೈಕಲ್ಲಿನವರು ಸ್ವಲ್ಪ ರಸ್ತೆ ಮಧ್ಯಕ್ಕೆ ಬರಲೇಬೇಕಾಗುತ್ತೆ. ಅದಕ್ಕೇ ಒಂದು ಮಾರು ಜಾಗ ಬಿಡಬೇಕು ಅನ್ನೋದು.” ಅವಳು ಎರಡೂ ಕೈ ಅಗಲಿಸಿ ತೋರಿಸಿದಳು. “ನೋಡಿ, ಇಷ್ಟು.”

“ಆ ರಸ್ತೆಯಲ್ಲಿ ಅಷ್ಟು ಜಾಗ ಎಲ್ಲಿದೆ?”

“ಇಲ್ಲದ ಕಡೆ ಹಿಂದೆ ಕಾಯಬೇಕು. ತಿರುವು ಕಳೀಲಿ, ಎದುರಿನ ಗಾಡಿ ಹೋಗಲಿ. ಆಮೇಲೆ ನಿಧಾನಕ್ಕೆ ದಾಟಿ.”

“ಕಾಯ್ತಾ ಕೂತ್ರೆ ಬ್ರೆಡ್ಡು ತಣ್ಣಗಾಗುತ್ತೆ ನರ್ಸಮ್ಮ.”

“ಬ್ರೆಡ್ಡನ್ನ ಮತ್ತೆ ಬಿಸಿ ಮಾಡಬಹುದು” ಎಂದಳು ನರ್ಸಮ್ಮ.

ಅಕ್ಕನ ಸೈಕಲ್ಲು ಇಟ್ಟಿಗೆ ಗೂಡಿನಲ್ಲೇ ಉಳಿದಿತ್ತು. ಅದನ್ನು ತರುತ್ತೇನೆಂದು ಅವನೇ ಹೊರಟ. ಬೇಕರಿಯ ಗೆಳೆಯನೊಬ್ಬ ಬೈಕಿನಲ್ಲಿ ಅಲ್ಲಿಯವರೆಗೆ ಬಿಟ್ಟುಹೋದ. ಗೂಡಿನವರು ಬಗ್ಗಿದ ಹ್ಯಾಂಡಲನ್ನು ನೆಟ್ಟಗೆ ಮಾಡಿ ಇಟ್ಟಿದ್ದರು. ಅವನು ಸೈಕಲ್ ಹತ್ತಿ ಊರ ಕಡೆ ತಿರುಗಿದ.

ದಿನವೂ ಓಡಾಡುವ ರಸ್ತೆಯೇ. ಆದರೆ ವ್ಯಾನಿನೊಳಗೆ ಕಾಣದ ಗುಂಡಿಗಳೆಲ್ಲ ಈಗ ಕಂಡವು. ಹಕ್ಕಿಗಳ ಕೂಗು ಕೇಳಿಸಿತು. ಹೊಲದಲ್ಲಿದ್ದ ಮುದುಕನೊಬ್ಬ, “ಆ ಹೊಲಿಗೆಯಮ್ಮ ಹೇಗಿದ್ದಾರೆ?” ಎಂದು ಕೂಗಿ ಕೇಳಿದ. ಅಕ್ಕನಿಗೆ ಇಷ್ಟು ದೂರದಲ್ಲೂ ನೆಂಟರಿದ್ದಾರೆ ಎಂದು ಅವನಿಗೆ ಆಶ್ಚರ್ಯವಾಯಿತು. ಅಷ್ಟರಲ್ಲಿ ಹಿಂದಿನಿಂದ ಕಿವಿ ಒಡೆಯುವಂತೆ ಹಾರ್ನ್ ಕೇಳಿಸಿತು. ಏನೆಂದು ತಿಳಿಯುವ ಮೊದಲೇ ಲಾರಿಯೊಂದು ಮೊಣಕೈ ಸವರಿಕೊಂಡು ಹೋದಷ್ಟು ಹತ್ತಿರದಲ್ಲಿ ನುಗ್ಗಿತು. ಗಾಳಿ ಮೊದಲು ಅವನನ್ನು ಹೊರಗೆ ತಳ್ಳಿತು, ಆಮೇಲೆ ಒಳಗೆ ಎಳೆಯಿತು. ಚಕ್ರ ಜಲ್ಲಿಯಲ್ಲಿ ಜಾರಿತು. ಹೇಗೋ ಕಾಲು ಕೊಟ್ಟು ಚರಂಡಿಯ ಅಂಚಿನಲ್ಲಿ ನಿಂತುಕೊಂಡ. ಲಾರಿ ಅವನಿಗೆ ತಾಗಿರಲಿಲ್ಲ. ಲಾರಿಯವನು ತಿರುಗಿಯೂ ನೋಡದೆ ಹೋಗಿದ್ದ.

ಉಳಿದ ದಾರಿಯನ್ನು ಅವನು ಸೈಕಲ್ ತಳ್ಳಿಕೊಂಡೇ ನಡೆದ.

ಅಕ್ಕ ಮನೆಗೆ ಬಂದ ದಿನ ಭಾವ ಸೈಕಲ್ಲನ್ನು ನೋಡಿದ್ದೇ, “ಇದನ್ನ ಯಾರಿಗಾದರೂ ಕೊಟ್ಟುಬಿಡು. ಇನ್ನು ಈ ಮನೆಯಲ್ಲಿ ಸೈಕಲ್ ಮಾತು ಬೇಡ” ಎಂದ.

“ತಪ್ಪು ಸೈಕಲ್ಲಿಂದಲ್ಲ ಭಾವ, ನಂದು. ಆ ವ್ಯಾನು ನಂದೇ” ಎಂದ ತಮ್ಮ.

ಭಾವ ಹಾಗೇ ನಿಂತುಬಿಟ್ಟ. ಆಮೇಲೆ ಅಡುಗೆಮನೆಗೆ ಹೋದ. ತಮ್ಮ ಅಕ್ಕನ ಕಾಲ ಬಳಿ ಕುಸಿದು ಕೂತ. ಕಣ್ಣೀರು ತಡೆಯಲಾಗಲಿಲ್ಲ.

“ನಂಗೆ ಗೊತ್ತು ಕಣೋ. ನಿನ್ನ ಹಾರ್ನು ನಂಗೆ ಗೊತ್ತಾಗಲ್ವಾ?”

“ಮತ್ತೆ ಯಾಕೆ ಹೇಳಲಿಲ್ಲ ಅಕ್ಕ?”

“ನಿನ್ನ ಮುಖ ನೋಡಿ ಬಾಯಿ ಬರಲಿಲ್ಲ.” ನೋವಿಲ್ಲದ ಕೈಯಿಂದ ಅವನ ತಲೆ ಸವರಿದಳು. “ಆದ್ರೆ ಒಂದು ಮಾತು ಕೇಳು. ನಾನು ನಿನ್ನ ಅಕ್ಕ ಅಂತ ಇವತ್ತು ಅಳ್ತಿದೀಯ. ನೀನು ದಿನಾ ಹಾರ್ನ್ ಹೊಡೆದು ಓಡಿಸ್ತಿದ್ದೆಯಲ್ಲ, ಅವರೆಲ್ಲ ಯಾರ್ಯಾರ ಅಕ್ಕಂದಿರೋ, ಅಪ್ಪಂದಿರೋ.”

ಭಾವ ಟೀ ತಂದು ಇಬ್ಬರ ಮುಂದೆಯೂ ಇಟ್ಟ. ಅವನ ಸಿಟ್ಟು ಇಳಿಯಲು ಇನ್ನೂ ಕೆಲವು ವಾರ ಬೇಕಾಯಿತು. ಮೂಳೆ ಕೂಡಿ, ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಹೊಸ ಹೆಲ್ಮೆಟ್ಟು ತಂದವನು ಅವನೇ. ಸೈಕಲ್ಲಿನ ಹಿಂದೆ ಕೆಂಪು ದೀಪ ಕಟ್ಟಿ, ಹೊತ್ತುತ್ತದೋ ಇಲ್ಲವೋ ಎಂದು ಮತ್ತೆ ಮತ್ತೆ ಒತ್ತಿ ನೋಡಿದ.

ತಮ್ಮ ಈಗಲೂ ಅದೇ ರಸ್ತೆಯಲ್ಲಿ ವ್ಯಾನು ಓಡಿಸುತ್ತಾನೆ. ಸೈಕಲ್ ಕಂಡರೆ ವೇಗ ತಗ್ಗಿಸುತ್ತಾನೆ. ಜಾಗವಿದ್ದರೆ ದೂರ ಸರಿದು ದಾಟುತ್ತಾನೆ, ಇಲ್ಲದಿದ್ದರೆ ಹಿಂದೆ ಕಾಯುತ್ತಾನೆ. “ಏನಪ್ಪಾ, ಮದುವೆ ಮೆರವಣಿಗೆ ಹೊರಟಿದ್ದೀಯಾ?” ಎಂದು ಬೇಕರಿಯ ಡ್ರೈವರುಗಳು ಚುಡಾಯಿಸಿದಾಗ ಅವನು ನಡೆದದ್ದನ್ನೆಲ್ಲ ಹೇಳುತ್ತಾನೆ. ಕೇಳಿದವರು ಆಮೇಲೆ ನಗುವುದಿಲ್ಲ. ಬ್ರೆಡ್ಡು ಒಂದಿಷ್ಟು ತಡವಾಯಿತೆಂದು ಯಾವ ಹಳ್ಳಿಯವರೂ ಇದುವರೆಗೆ ಉಪವಾಸ ಬಿದ್ದಿಲ್ಲ.

ಗಾಡಿ ಓಡಿಸುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಇವತ್ತು ನೀವು ರಸ್ತೆಗೆ ಇಳಿದಾಗ ಮುಂದೆ ಒಂದು ಸೈಕಲ್ಲು ಕಂಡರೆ ಹಾರ್ನಿನಿಂದ ಕೈ ತೆಗೆಯಿರಿ. ವೇಗ ತಗ್ಗಿಸಿ, ಒಂದು ಮಾರು ಜಾಗ ಬಿಟ್ಟು ದಾಟಿ. ಜಾಗವಿಲ್ಲದಿದ್ದರೆ ಕಾಯಿರಿ. ಸೈಕಲ್ ತುಳಿಯುವವರು ಹೆಲ್ಮೆಟ್ಟು ಮರೆಯಬೇಡಿ, ದೂರಕ್ಕೆ ಕಾಣುವ ಬಟ್ಟೆ ತೊಡಿ, ಹಿಂದೆ ದೀಪವಿರಲಿ. ಆ ಸೈಕಲ್ಲಿಗಾಗಿ ಯಾವುದೋ ಮನೆಯಲ್ಲಿ ಯಾರೋ ಬಾಗಿಲ ಕಡೆ ನೋಡುತ್ತಿದ್ದಾರೆ. ಅದು ಕ್ಷೇಮವಾಗಿ ಮನೆ ಸೇರಲಿ.