ಮಲ್ಕಪ್ಪನ ಬಿಳಿ ಕೂದಲು

ಡಾಂಬರು ಕಾಯಿಸುವ ಡ್ರಮ್ಮಿನ ತಳದಿಂದ ಕೆರೆದ ಮಸಿಯನ್ನು ಕುಸುಬಿ ಎಣ್ಣೆಯಲ್ಲಿ ಕಲಸಿ ಅಂಬಾರಾಯ ಮಲ್ಕಪ್ಪನ ತಲೆಗೆ ತಿಕ್ಕುತ್ತಿದ್ದ. ನೆಲೋಗಿ ರಸ್ತೆಯ ಬದಿಯ ಬೇವಿನ ಮರದ ಕೆಳಗೆ ಗ್ಯಾಂಗಿನ ಉಳಿದವರು ರೊಟ್ಟಿಗಂಟು ಬಿಚ್ಚಿಕೊಂಡು ನೋಡುತ್ತಿದ್ದರು.

"ಮೀಸಿಗೂ ಹಚ್ಚಲೇ," ಎಂದ ಮಲ್ಕಪ್ಪ. "ಮ್ಯಾಲ ಹುಡುಗ, ಕೆಳಗ ಮುದುಕ ಆದ್ರ ಡಾಕ್ಟ್ರು ನಗ್ತಾರ."

"ಮದಿಮಗನ್ನ ನೋಡ್ರಿ," ಎಂದಳು ಕಾಶಿಬಾಯಿ. "ಅರಿಷಿಣದ ಬದ್ಲಿ ಡಾಂಬರ ಮಸಿ!"

ಎಲ್ಲರೂ ನಕ್ಕರು. ಅಂಬಾರಾಯ ನಗಲಿಲ್ಲ.

ಅದು ಎಂಬತ್ತಾರರ ಬೇಸಿಗೆ. ದಿನಗೂಲಿಯ ರಸ್ತೆ ಕೆಲಸಗಾರರನ್ನು ಖಾಯಂ ಮಾಡುತ್ತಾರೆ, ಮುಂದೆ ಪಿಂಚಣಿಯೂ ಉಂಟು ಎಂದು ಆದೇಶ ಬಂದಿತ್ತು. ಆದರೆ ನಲವತ್ತೈದು ದಾಟಿದವರಿಗೆ ಇಲ್ಲ. ಗ್ಯಾಂಗಿನಲ್ಲಿ ಯಾರಿಗೂ ಹುಟ್ಟಿದ ದಿನ ಗೊತ್ತಿಲ್ಲ. ಹಾಗಾಗಿ ಡಾಕ್ಟರು ಕೂದಲು, ಹಲ್ಲು ನೋಡಿ ವಯಸ್ಸು ಬರೆಯುವುದೆಂದಾಯಿತು. ಗ್ಯಾಂಗಿನ ಪರವಾಗಿ ಗುಲಬರ್ಗಾದ ಆಫೀಸಿಗೆ ಹೋಗಿ ಈ ಷರತ್ತಿಗೆ ಒಪ್ಪಿ ಬಂದವನು ಅಂಬಾರಾಯನೇ. ಅವನಿಗಿನ್ನೂ ಮೂವತ್ತು. ಹೊಗೆಯ ಬಣ್ಣ ನೋಡಿ ಡಾಂಬರಿನ ಹದ ತಿಳಿಯುವುದನ್ನು ಅವನಿಗೆ ಕಲಿಸಿದವನು ಮಲ್ಕಪ್ಪ.

ಮಧ್ಯಾಹ್ನ ಜೀಪು ಬಂತು. ಇಂಜಿನಿಯರ್ ಶಾಂತಲಿಂಗಪ್ಪ ಇಳಿದರು, ಹಿಂದೆ ಡಾಕ್ಟರು. ಸುಡುವ ರಸ್ತೆಯ ಮೇಲೆ ಸಾಲು ನಿಂತಿತು. ಮಲ್ಕಪ್ಪನ ಸರದಿ ಬರುವಷ್ಟರಲ್ಲಿ ಬೆವರಿನೊಂದಿಗೆ ಮಸಿ ಹಣೆಯಿಂದ ಇಳಿದು ಕಣ್ಣಿಗೆ ಹೊಕ್ಕಿತ್ತು, ಅಂಗಿಯ ಕೊರಳು ಕಪ್ಪಾಗಿತ್ತು.

"ಸರ್ಕಾರದ ಕಣ್ಣಿಗೆ ಮಣ್ಣು ಎರಚ್ತೀ ಏನೋ ಮುದುಕ?" ಶಾಂತಲಿಂಗಪ್ಪ ಗದರಿದರು.

"ಸಾಹೇಬ್ರ, ಹೋದ ದೀಪಾವಳಿಗೆ ನಿಮ್ಮ ತಲಿನೂ ಬೆಳ್ಳಗಿತ್ತಲ್ರಿ," ಎಂದಳು ಕಾಶಿಬಾಯಿ. "ನಿಮ್ಮದು ಯಾವ ಡ್ರಮ್ಮಿಂದು?"

ಡಾಕ್ಟರು ಕೆಮ್ಮಿದರು. ಶಾಂತಲಿಂಗಪ್ಪನವರ ಮುಖ ಕೆಂಪಾಯಿತು.

"ಬಾಯಿ ಮುಚ್ಚಬೇ! ನಾ ಮಾಡಿದ ಕಾನೂನೇನು ಇದು? ಪಿನ್ಶನ್‌ಗೆ ಖಾಯಂ ಸರ್ವಿಸ್ ಹತ್ತು ವರ್ಷ ಬೇಕು. ಇವ ಇನ್ನ ಹತ್ತು ವರ್ಷ ಎಲ್ಲಿ ದುಡೀತಾನ?"

"ಹಿಂದ ದುಡಿದದ್ರಿ?" ಮಲ್ಕಪ್ಪ ಕಣ್ಣು ಉಜ್ಜುತ್ತಲೇ ಕೇಳಿದ. "ಈ ಸಡಕ ಕಚ್ಚಾ ಇದ್ದಾಗಿಂದ ಇದ್ದೇನ್ರಿ."

"ಅದು ಕೂಲಿ. ಸರ್ವಿಸ್ ಅಲ್ಲ. ಬಾಜೂಕ ನಿಲ್ಲು."

ಮಲ್ಕಪ್ಪ ಪಕ್ಕಕ್ಕೆ ಸರಿದು ನಿಂತ. ಅಂಬಾರಾಯ ಸಾಲು ಬಿಟ್ಟು ಹೊರಬಂದ. ಸಾಲಿನಲ್ಲಿ ಅವನ ಹಿಂದೆ ನಿಂತಿದ್ದ ಹುಲೆಪ್ಪ ಅಂಗಿ ಜಗ್ಗಿದ.

"ಸುಮ್ಕಿರಲೇ. ಮುದುಕ ಇವತ್ತಲ್ಲ ನಾಳಿ ಹೋಗವ. ನನಗ ಮೂರು ಮಕ್ಕಳದಾವ. ಈ ಜೀಪು ತಿರುಗಿ ಹೋದ್ರ ಮತ್ತ ಬರಂಗಿಲ್ಲ."

ಅದು ಸುಳ್ಳಲ್ಲವೆಂದು ಅಂಬಾರಾಯನಿಗೆ ಗೊತ್ತಿತ್ತು. ಆದರೂ ಮಲ್ಕಪ್ಪನ ಕೈ ಹಿಡಿದು ರೋಲರಿನ ನೀರಿನ ಪೀಪಾಯಿಯ ಹತ್ತಿರ ಕೂರಿಸಿದ. ಒಲೆಯ ಬೂದಿ ಹಿಡಿಗಟ್ಟಲೆ ತಂದು ತಲೆಗೆ ಹಾಕಿ ತಿಕ್ಕತೊಡಗಿದ.

"ಬ್ಯಾಡಲೇ, ಕೂಲಿನೂ ಹೋಗ್ತದ."

"ಮಸಿ ಹಚ್ಚಿದವ ನಾನು, ಕಾಕಾ. ಪಿನ್ಶನ್ ಬರೋದಿದ್ರ ಬೆಳ್ಳನ್ನ ತಲಿಗೇ ಬರ್ಲಿ."

ಕಪ್ಪು ನೀರು ಹರಿದು ಹೋಯಿತು. ತೊಳೆದ ತಲೆ ಬಿಸಿಲಿಗೆ ಹತ್ತಿಯಂತೆ ಬೆಳ್ಳಗಾಯಿತು. ಅಂಬಾರಾಯ ಅವನನ್ನು ಡಾಕ್ಟರ ಎದುರಿಗೆ ತಂದು ನಿಲ್ಲಿಸಿ, ತಾನು ಅವನ ಬೆನ್ನ ಹಿಂದೆ ನಿಂತ.

"ಆಫೀಸಿನ್ಯಾಗ ಹೂಂ ಅಂದವ ನಾನೇ, ಸಾಹೇಬ್ರ. ಅದು ತಪ್ಪಾಗ್ಯಾದ. ಕಾಕಾನ ಹೆಸರು ಬರೆಯಂಗಿಲ್ಲಂದ್ರ ನಂದೂ ಬ್ಯಾಡ."

ಮಾತು ಗಟ್ಟಿಯಾಗಿಯೇ ಬಂತು.

"ಹುಚ್ಚರಂಗ ಮಾಡಬ್ಯಾಡ್ರಿ. ನಾ ಹೋದ್ನಂದ್ರ ಹೋದೆ," ಎಂದು ಶಾಂತಲಿಂಗಪ್ಪ ಜೀಪಿನ ಬಾಗಿಲಿಗೆ ಕೈ ಹಾಕಿದರು.

ಕಾಶಿಬಾಯಿ ಸೆರಗು ಸಿಕ್ಕಿಸಿಕೊಂಡು ಬಂದು ಅಂಬಾರಾಯನ ಹಿಂದೆ ನಿಂತಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಹಳೆಯ ಸಾಲಿನಲ್ಲಿ ಹುಲೆಪ್ಪ ಒಬ್ಬನೇ ಉಳಿದ. ಡಾಕ್ಟರು ಅವನ ಕಡೆ ತಿರುಗಿದರು.

"ನಿನ್ನ ಹೆಸರು?"

ಹುಲೆಪ್ಪನ ಕೂದಲು ಕಡುಗಪ್ಪು. ಹಲ್ಲು ಒಂದೂ ಬಿದ್ದಿರಲಿಲ್ಲ. ಅವನು ಬಾಯಿ ತೆರೆದ, ಆ ಸಾಲನ್ನು ನೋಡಿದ, ಬಾಯೊಳಗಿನ ತಂಬಾಕು ಉಗಿದ.

"ನನ್ನ ಪಾಳಿ ಇನ್ನ ಬಂದಿಲ್ರಿ," ಎಂದು ನಡೆದು ಹೋಗಿ ಎಲ್ಲರಿಗಿಂತ ಹಿಂದೆ ನಿಂತ.

ಶಾಂತಲಿಂಗಪ್ಪ ಜೀಪಿನ ಬಾಗಿಲು ಹಿಡಿದೇ ಹೊಸ ಸಾಲನ್ನು ತುದಿಯಿಂದ ತುದಿಗೆ ನೋಡಿದರು. ಇನ್ನೊಂದು ಕೈ ತಾನಾಗಿ ತಲೆಗೂದಲ ಮೇಲೆ ಹೋಗಿ, ಸುಟ್ಟಂತೆ ಕೆಳಗಿಳಿಯಿತು.

"ಎಲ್ಲಾರ ಹೆಸರೂ ಬರ್ಕೋರಿ ಡಾಕ್ಟ್ರೇ," ಎಂದರು ಕೊನೆಗೆ. "ಕೂಲಿ ಮಾಡಿದ ವರ್ಷಾನೂ ಸೇರಿಸ್ರಿ. ಮ್ಯಾಲಿನವರು ಬೈದ್ರ ನಾ ಬೈಸ್ಕೋತೇನಿ. ಆಗ್ತದಂತ ಮಾತ್ರ ಮಾತು ಕೊಡಂಗಿಲ್ಲ."

ಡಾಕ್ಟರು ಪೆನ್ನು ತೆಗೆದರು.

"ವಯಸ್ಸೆಷ್ಟು, ಯಜಮಾನ್ರ?"

ಮಲ್ಕಪ್ಪ ನೀರು ತೊಟ್ಟಿಕ್ಕುತ್ತಿದ್ದ ತಲೆಯನ್ನು ಅವರ ಮುಂದೆ ಬಗ್ಗಿಸಿದ.

"ನೋಡಿ ಬರೀರಿ."